ಸೆಕ್ರೆಟರಿಯ ಮನೆಯ ಗಂಜಿ

ಆ ವರ್ಷ ಮಾರ್ಚಿ ತಿಂಗಳ ಮೊದಲ ವಾರದಲ್ಲಿ ಮಹಾಲಿಂಗನ ಮನೆಯ ಗಂಜಿಗೆ ಮುಗ್ಗಲು ವಾಸನೆ ಸೇರಿಕೊಂಡಿತು. ಅದನ್ನು ಮೊದಲು ಬಾಯಿಬಿಟ್ಟು ಹೇಳಿದವರು ಅವನ ತಾಯಿ. ಎಪ್ಪತ್ತು ದಾಟಿದ ಮುದುಕಿ. ಕಣ್ಣು ಮಂಜಾಗಿತ್ತು, ಹಲ್ಲು ನಾಲ್ಕೇ ಉಳಿದಿದ್ದವು. ಮೂಗು ಮಾತ್ರ ಇಪ್ಪತ್ತು ವರ್ಷದ ಹುಡುಗಿಯದ್ದು. ಬಟ್ಟಲನ್ನು ಮೂಗಿನ ಹತ್ತಿರ ತಂದು, ಕೆಳಗಿಟ್ಟು, ಸೊಸೆಯ ಕಡೆ ತಿರುಗಿದರು.

"ದೇವಕೀ, ಮಡಕೆ ಸರಿ ತೊಳೆದಿದ್ದೀಯಾ?"

"ಬೂದಿ ಹಾಕಿ ತಿಕ್ಕಿ ತೊಳೆದದ್ದು ಅತ್ತೆ."

"ಹಾಗಾದ್ರೆ ಅಕ್ಕಿಯದ್ದೇ."

ಮಹಾಲಿಂಗ ತಲೆ ಎತ್ತಲಿಲ್ಲ. ಸುರ್ರೆಂದು ಗಂಜಿ ಎಳೆದುಕೊಳ್ಳುತ್ತಲೇ ಹೇಳಿದ. "ಊರಿಗೆಲ್ಲ ಇದೇ ಅಕ್ಕಿ ಅಮ್ಮ. ಈ ಸಲದ ಲೋಡು ಹೀಗೆ ಬಂದಿದೆ. ಉಪ್ಪಿನಕಾಯಿ ಸ್ವಲ್ಪ ಹೆಚ್ಚು ಹಾಕಿಕೊ."

ಊರಿಗೆಲ್ಲ ಇದೇ ಅಂದ ಮೇಲೆ ದೇವಕಿಗೆ ಹೇಳಲು ಏನೂ ಉಳಿಯಲಿಲ್ಲ. ಊರಿಗೆ ಅಕ್ಕಿ ತರುವವನೇ ಅವಳ ಗಂಡ.

ಅವರ ಊರು ಕೊಡಿಪದವು ಕುಂಬ್ರದಿಂದ ಎರಡು ಮೈಲಿ ಒಳಗೆ. ನಲವತ್ತು ಮನೆ, ಒಂದು ಶಾಲೆ, ಒಂದು ಮಸೀದಿ. ಅರವತ್ತನಾಲ್ಕರ ಮಳೆಗಾಲದಲ್ಲಿ ಸುತ್ತಿನ ಅಂಗಡಿಗಳಿಂದ ಅಕ್ಕಿ ಇದ್ದಕ್ಕಿದ್ದಂತೆ ಮಾಯವಾಗಿತ್ತು. ಗಡಿಯಾಚೆ ಒಂದಕ್ಕೆರಡು ದರ ಸಿಗುತ್ತದೆಂದು ತಲೆಹೊರೆಯಲ್ಲಿ, ಗಾಡಿಯಲ್ಲಿ ಅದು ಆ ಕಡೆಗೆ ಹೋಗುತ್ತಿತ್ತು. ಕೊಡಿಪದವಿನ ಜನ ಹಲಸಿನ ಬೀಜ, ಕೆಸುವಿನ ಗೆಡ್ಡೆ ಬೇಯಿಸಿ ಎರಡು ತಿಂಗಳು ನೂಕಿದರು. ಮಳೆ ಬಿಟ್ಟ ಮೇಲೆ ಶಾಲೆಯ ಜಗಲಿಯಲ್ಲಿ ಸೇರಿ, ಮನೆಗೊಂದು ಷೇರಿನಂತೆ ಕೂಡಿಸಿ ತಮ್ಮದೇ ಒಂದು ಸೊಸೈಟಿ ಮಾಡಿಕೊಂಡರು. ಗದ್ದೆ, ತೋಟ ಎರಡೂ ಇದ್ದ ದೇರಣ್ಣ ಗೌಡರು ಅಧ್ಯಕ್ಷರಾದರು. ಕುಂಬ್ರದ ಜಿನಸಿನ ಅಂಗಡಿಯಲ್ಲಿ ಹನ್ನೆರಡು ವರ್ಷ ಗುಮಾಸ್ತನಾಗಿದ್ದ ಮಹಾಲಿಂಗ ಆ ಕೆಲಸ ಬಿಟ್ಟು ಸೆಕ್ರೆಟರಿಯಾದ. ಕಲಂದರ್ ಬ್ಯಾರಿ ತನ್ನ ಮನೆಯ ಪಕ್ಕದ ಕೋಣೆ ಬಿಟ್ಟುಕೊಟ್ಟು, ಪುತ್ತೂರಿನಿಂದ ಅಕ್ಕಿ ತರಲು ತನ್ನ ಎತ್ತಿನ ಗಾಡಿ ಕೊಟ್ಟ. ತಕ್ಕಡಿ ಹಿಡಿಯಲು ತ್ಯಾಂಪಣ್ಣ ನಿಂತ. ಬುಧವಾರ, ಶನಿವಾರ ಬೆಳಿಗ್ಗೆ ಕಾರ್ಡು ಹಿಡಿದು ಬಂದವರಿಗೆ, ತಲೆಗಿಷ್ಟು ಎಂದು ಅಕ್ಕಿ. ದೇರಣ್ಣ ಗೌಡರಿಗೂ ಅಷ್ಟೆ, ಒಬ್ಬಂಟಿ ಮುದುಕಿ ಜೈನಬಮ್ಮನಿಗೂ ಅಷ್ಟೆ.

ಅದರ ಮರುವರ್ಷದ ಮಳೆಗಾಲದಲ್ಲಿ ಊರಿನ ಒಂದು ಒಲೆಯೂ ತಣ್ಣಗಾಗಿರಲಿಲ್ಲ. ದಾರಿಯಲ್ಲಿ ಸಿಕ್ಕಿದ ಹೆಂಗಸರು ದೇವಕಿಯನ್ನು ನಿಲ್ಲಿಸಿ, "ನಿಮ್ಮವರಿಂದ ನಮ್ಮ ಮಕ್ಕಳಿಗೆ ಹೊಟ್ಟೆಗೆ ಬಿತ್ತು ಮಾರಾಯ್ತಿ" ಎನ್ನುತ್ತಿದ್ದರು. ಅವಳಿಗೆ ಸಂಕೋಚವಾಗುತ್ತಿತ್ತು, ಒಳಗೊಳಗೆ ಹಿಗ್ಗೂ ಆಗುತ್ತಿತ್ತು.

ಹಾಗಾಗಿ ಅವಳು ಆ ಅಕ್ಕಿಯ ಜೊತೆ ಗುದ್ದಾಡಿದಳು. ಗೆರಸೆಯಲ್ಲಿ ಹಾಕಿ ಕೇರಿದಳು. ಗುಗ್ಗುರು ಹುಳಗಳು ಸಾಲಾಗಿ ಹೊರಟು ಗೋಡೆ ಹತ್ತಿದವು. ಐದು ನೀರಿನಲ್ಲಿ ತೊಳೆದಳು. ಗಂಜಿಗೆ ಶುಂಠಿ ಜಜ್ಜಿ ಹಾಕಿದಳು, ಮಜ್ಜಿಗೆ ಸೇರಿಸಿದಳು, ಒಮ್ಮೆ ಲಿಂಬೆ ಎಲೆ ಹಾಕಿ ಕುದಿಸಿದಳು. ಬಿಸಿಯಿರುವಾಗ ವಾಸನೆ ಅಡಗಿದ ಹಾಗೆ ಕಾಣುತ್ತಿತ್ತು, ತಣಿಯುತ್ತಲೇ ಮತ್ತೆ ಎದ್ದು ಬರುತ್ತಿತ್ತು.

ಮಗ ತಿರುಮಲೇಶ್ವರ ಪುತ್ತೂರಿನ ದರ್ಬೆಯಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟು. ದಿನಾ ಸೈಕಲಿನಲ್ಲಿ ಹೋಗಿ ಬರುತ್ತಿದ್ದ. ಅವನು ಸಂಜೆ ಬಂದವನೇ, "ನನಗೆ ಹಸಿವಿಲ್ಲ ಅಮ್ಮ" ಎನ್ನತೊಡಗಿದ.

"ಹೋಟ್ಲಲ್ಲಿ ತಿಂದು ಬಂದಿಯಾ?"

"ಎರಡು ಇಡ್ಲಿ."

"ದಿನಾ ಎರಡು ಇಡ್ಲಿ ತಿಂದ್ರೆ ಸಂಬಳ ಎಲ್ಲಿ ಉಳಿತದೆ ಮಾರಾಯ?"

"ಸಂಬಳ ಉಳಿಯದಿದ್ರೂ ಜೀವ ಉಳಿತದಲ್ಲ."

ಮಹಾಲಿಂಗ ಜಗಲಿಯಿಂದ ಕೇಳಿಸಿಕೊಂಡು ಅಂಗಳಕ್ಕೆ ಇಳಿದ. ಮೊದಲಾಗಿದ್ದರೆ ಇಷ್ಟಕ್ಕೇ ಅರ್ಧ ಗಂಟೆ ಬೈಯುತ್ತಿದ್ದ ಮನುಷ್ಯ. ಈಗೀಗ ಊಟ ಮುಗಿದ ಕೂಡಲೇ ಏಳುತ್ತಿದ್ದ, ಕೂತಲ್ಲಿ ಕೂರುತ್ತಿರಲಿಲ್ಲ. ಎರಡು ಮೂರು ವಾರಕ್ಕೊಮ್ಮೆ, ಶನಿವಾರ ಮುಸ್ಸಂಜೆಗೆ ಅರ್ಧ ಗೋಣಿ ಅಕ್ಕಿ ತಾನೇ ಹೆಗಲಮೇಲೆ ಹೊತ್ತು ತಂದು, ಅಡಿಗೆಮನೆಯ ಮೂಲೆಯಲ್ಲಿಟ್ಟು, ಯಾರ ಮುಖವನ್ನೂ ನೋಡದೆ ಸ್ನಾನಕ್ಕೆ ಹೋಗುತ್ತಿದ್ದ.

ಅಷ್ಟರಲ್ಲಿ ಮಗಳು ರಾಜೀವಿ ಬಂದಳು. ಅವಳ ಗಂಡನ ಮನೆ ಕಡಬದಲ್ಲಿ. ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿತ್ತು. ಬಾಣಂತನಕ್ಕೆ ತವರಿಗೆ ಕರೆತಂದದ್ದು. ಕಲಂದರ್ ಬ್ಯಾರಿ ಕುಂಬ್ರದಿಂದ ಗಾಡಿಯಲ್ಲಿ ಹುಲ್ಲು ಹಾಸಿ, ಕುಲುಕದ ಹಾಗೆ ಎತ್ತುಗಳನ್ನು ನಡೆಸಿಕೊಂಡು ಬಂದ. ಮಗಳು ಬರುತ್ತಾಳೆಂದು ದೇವಕಿ ಮಾವಿನಕಾಯಿ ಚಟ್ನಿ ಅರೆದಿದ್ದಳು, ಹುರುಳಿ ಸಾರು ಮಾಡಿದ್ದಳು, ಒಂದು ಒಣಮೀನು ಸುಟ್ಟಿದ್ದಳು. ರಾಜೀವಿ ಮೊದಲ ತುತ್ತು ಬಾಯಿಗಿಟ್ಟವಳು ಕೈಯಿಂದ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಓಡಿದಳು.

"ಬಸುರಿಗೆ ಹಾಗಾಗುದು" ಎಂದ ಮಹಾಲಿಂಗ.

"ಏಳನೇ ತಿಂಗಳಲ್ಲಿ ವಾಂತಿ ಆಗುದಿಲ್ಲ" ಎಂದರು ಅವನ ತಾಯಿ. "ನಾನೂ ಐದು ಹೆತ್ತವಳು. ನನಗೆ ಗೊತ್ತುಂಟು."

ಒಂದು ವಾರ ರಾಜೀವಿ ಹಲಸಿನ ಗುಜ್ಜೆ ಪಲ್ಯ, ಬಾಳೆಹಣ್ಣು, ಬೆಲ್ಲದ ನೀರು, ಹೀಗೆ ಅದು ಇದು ತಿಂದುಕೊಂಡಿದ್ದಳು. ಅನ್ನ ಕಂಡರೆ ಮುಖ ತಿರುಗಿಸುವಳು. ಕುಂಬ್ರದ ನರ್ಸಮ್ಮ ಬಂದು ಕಣ್ಣಿನ ರೆಪ್ಪೆ ಇಳಿಸಿ ನೋಡಿ, "ರಕ್ತ ಇಲ್ಲ ಇವಳಿಗೆ. ಹೊಟ್ಟೆ ತುಂಬ ಉಣ್ಲಿಕ್ಕೆ ಹೇಳಿ" ಎಂದು ಹೇಳಿ ಹೋದಳು. ಆ ದಿನ ಮಧ್ಯಾಹ್ನ ರಾಜೀವಿ ಬಾವಿಕಟ್ಟೆಯಲ್ಲಿ ತಾಯಿಯ ಪಕ್ಕ ಕೂತು, ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಮೆಲ್ಲಗೆ ಹೇಳಿದಳು.

"ಅಮ್ಮಾ, ನೀನು ಬೇಸರ ಮಾಡ್ಬೇಡ. ನಾನು ವಾಪಸ್ ಕಡಬಕ್ಕೆ ಹೋಗ್ತೇನೆ."

ದೇವಕಿಯ ಕೈಯಲ್ಲಿದ್ದ ಹಗ್ಗ ಜಾರಿ ಕೊಡಪಾನ ಬಾವಿಯೊಳಗೆ ದಡ್ಡೆಂದು ಬಿತ್ತು. ತವರಿನಲ್ಲಿ ಉಣ್ಣಲಿಕ್ಕೆ ಆಗಲಿಲ್ಲವೆಂದು ತುಂಬಿದ ಬಸುರಿ ಗಂಡನ ಮನೆಗೆ ಹಿಂತಿರುಗುವುದೆಂದರೆ ಏನು? ಕಡಬದ ಬೀಗರು ಏನೆಂದುಕೊಂಡಾರು? ಅದೆಲ್ಲ ಆಮೇಲಿನ ಮಾತು. ಮಗಳ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು.

ತಮ್ಮನಿಗೂ ಅದು ಕಂಡಿರಬೇಕು. ಮರುದಿನ ಸಂಜೆ ತಿರುಮಲೇಶ್ವರ ಸೈಕಲಿನ ಹಿಂದೆ ಒಂದು ಬಿಳಿ ಬಟ್ಟೆಯ ಗಂಟು ಕಟ್ಟಿಕೊಂಡು ಬಂದ. ಜಗಲಿಯಲ್ಲಿ ಬಿಚ್ಚಿದರೆ ಅಕ್ಕಿ. ಬೆಳ್ಳಗೆ, ಸಣ್ಣಗೆ, ಮಲ್ಲಿಗೆ ಮೊಗ್ಗಿನ ಹಾಗೆ. ಅಜ್ಜಿ ಕೈಹಾಕಿ ನೋಡಿ, "ಆಹಾ" ಎಂದರು.

ಮಹಾಲಿಂಗ ಹೊರಗೆ ಬಂದ. "ಎಲ್ಲಿಂದ ಇದು?"

"ದರ್ಬೆಯಿಂದ."

"ಕಾರ್ಡಿನಲ್ಲಿ ಕೊಟ್ಟದ್ದಾ?"

ಮಗ ಗಂಟಿನ ತುದಿ ಸರಿಮಾಡಿದ.

"ಕಾಳಸಂತೆಯ ಅಕ್ಕಿ" ಎಂದ ಮಹಾಲಿಂಗ. "ಕಟ್ಟು ಅದನ್ನು. ವಾಪಸ್ ತಕೊಂಡು ಹೋಗು."

"ಅಕ್ಕನಿಗೆ ತಂದದ್ದು ಅಪ್ಪ. ನಿಮಗಲ್ಲ. ನೀವು ನಿಮ್ಮ ಸೊಸೈಟಿದೇ ತಿನ್ನಿ."

"ಯಾರಿಗೇ ಆಗ್ಲಿ. ಈ ಅಂಗಡಿಯವರು ಅಡಗಿಸಿಟ್ಟ ಕಾರಣಕ್ಕೇ ನಾವು ಸೊಸೈಟಿ ಮಾಡಿದ್ದು. ಆ ಅಕ್ಕಿ ನನ್ನ ಮನೆಯಲ್ಲೇ ಬೆಂದ್ರೆ ನಾಳೆ ನಾನು ಸೊಸೈಟಿಯ ಬಾಗಿಲು ತೆಗೆಯುದು ಹೇಗೆ?"

"ಬಾಗಿಲು ತೆಗೆಯುದು ಆಮೇಲೆ" ಎಂದರು ಅವನ ತಾಯಿ. "ಮೊದಲು ಆ ಹುಡುಗಿ ಬಾಯಿ ತೆಗೆಯುವ ಹಾಗೆ ಮಾಡು."

"ಅಮ್ಮಾ, ನೀನು ಸುಮ್ಮನಿರು."

"ಸುಮ್ಮನಿದ್ದೇ ಇದ್ದೇನೆ. ಒಂದು ತಿಂಗಳಾಯ್ತು ಸುಮ್ಮನೆ ಮೂಗು ಮುಚ್ಚಿ ಉಣ್ತಾ ಇದ್ದೇನೆ."

ತಿರುಮಲೇಶ್ವರ ಗಂಟು ಕಟ್ಟಿದ. "ನಿಮಗೆ ಊರು ಬೇಕು. ಮನೆ ಬೇಡ" ಎಂದು ಹೇಳಿ ಸೈಕಲ್ ಹತ್ತಿದವನು ಆ ದಿನ ಹಿಂದಿರುಗಲಿಲ್ಲ. ದರ್ಬೆಯಲ್ಲಿ ಸ್ನೇಹಿತನ ರೂಮಿನಲ್ಲಿದ್ದೇನೆಂದು ಯಾರ ಹತ್ತಿರವೋ ಹೇಳಿಕಳಿಸಿದ. ಗಂಟಿನಿಂದ ಉದುರಿದ ನಾಲ್ಕು ಕಾಳು ಜಗಲಿಯಲ್ಲಿ ಉಳಿದಿದ್ದವು. ದೇವಕಿ ಅವನ್ನು ಹೆಕ್ಕಿ ಅಂಗೈಯಲ್ಲಿ ಹಿಡಿದುಕೊಂಡು ನಿಂತಳು. ಎಲ್ಲಿ ಹಾಕುವುದೆಂದು ತಿಳಿಯದೆ ಕೋಳಿಗಳಿಗೆ ಎಸೆದಳು.

ಅದಾಗಿ ಎರಡು ದಿನಕ್ಕೆ ಅವಳು ಕಲಂದರ್ ಬ್ಯಾರಿಯ ಮನೆಗೆ ಹೋದಳು. ಅವನ ಹೆಂಡತಿ ಸಫಿಯಮ್ಮ ಬಾಣಂತಿಯರಿಗೆ ತೆಂಗಿನೆಣ್ಣೆಯಲ್ಲಿ ಬೇರುಗಳನ್ನು ಹಾಕಿ ಕಾಯಿಸುವುದರಲ್ಲಿ ಹೆಸರಾದವಳು. ಎಣ್ಣೆ ಈಗಲೇ ಕಾಯಿಸಿಟ್ಟರೆ ಒಳ್ಳೆಯದೆಂದು ಕೇಳಲು ದೇವಕಿ ಹೋದದ್ದು. ಸಫಿಯಮ್ಮ ಹಿಂದಿನ ಜಗಲಿಯಲ್ಲಿ ಮಕ್ಕಳಿಗೆ ಗಂಜಿ ಬಡಿಸುತ್ತಿದ್ದಳು.

"ಬನ್ನಿ ದೇವಕಿಯಕ್ಕ, ಕೂತುಕೊಳ್ಳಿ. ರಾಜೀವಿ ಹೇಗಿದ್ದಾಳೆ?"

ದೇವಕಿ ಕೂತಳು. ಅವಳ ಕಣ್ಣು ಬಟ್ಟಲುಗಳ ಮೇಲಿತ್ತು. ಕೆಂಪು ಗೆರೆಯ ದಪ್ಪ ಕುಚ್ಚಲಕ್ಕಿ, ಚೆನ್ನಾಗಿ ಅರಳಿ, ಹಬೆಯಾಡುತ್ತಿತ್ತು. ಒಳ್ಳೆಯ ಅಕ್ಕಿಯ ಸಿಹಿ ವಾಸನೆ ಇಡೀ ಜಗಲಿಯಲ್ಲಿ ಹರಡಿತ್ತು.

"ಇದು ಎಲ್ಲಿಯ ಅಕ್ಕಿ ಸಫಿಯಮ್ಮ?"

"ಎಲ್ಲಿಯದ್ದೆಂತ? ನಮ್ಮ ಸೊಸೈಟಿದೇ. ಮೊನ್ನೆ ಶನಿವಾರ ತಂದದ್ದು."

"ಸೊಸೈಟಿದಾ?"

"ಮತ್ತೆ? ನಮಗೆ ಬೇರೆ ಎಲ್ಲಿಂದ?" ಸಫಿಯಮ್ಮ ಸೌಟು ಹಿಡಿದುಕೊಂಡೇ ಅವಳ ಮುಖ ನೋಡಿದಳು. "ಎಂತಾಯ್ತು ಅಕ್ಕ? ಮುಖ ಯಾಕೆ ಹಾಗೆ ಆಯ್ತು?"

ದೇವಕಿ ಮಡಕೆಯ ಬಳಿ ಇದ್ದ ಡಬ್ಬಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಮೂಸಿದಳು. ಮತ್ತೊಮ್ಮೆ ಮೂಸಿದಳು.

"ಆ ಮುಗ್ಗಲು ಅಕ್ಕಿ ಎಂತ ಮಾಡಿದ್ದು ಹಾಗಾದ್ರೆ?"

"ಅದಾ? ಆ ನಾಲ್ಕು ಗೋಣಿಯಾ? ಹೋದ ತಿಂಗಳೇ ಮಿಲ್ಲಿನವರು ಬಂದು ವಾಪಸ್ ಕೊಂಡುಹೋದರಂತಲ್ಲ. ಮಾಲಿಂಗಣ್ಣನೇ ಹೇಳಿದ್ದು. ನಾವು ಯಾರೂ ತಕೊಳ್ಳುದಿಲ್ಲ ಅಂತ ಹೇಳಿದೆವಲ್ಲ, ಅದಕ್ಕೆ..." ಅಷ್ಟರಲ್ಲಿ ಸಫಿಯಮ್ಮ ತಟ್ಟನೆ ನಿಲ್ಲಿಸಿದಳು. "ಅಲ್ಲಾ! ಅದು ನಿಮ್ಮಲ್ಲಿ ಉಂಟಾ ಅಕ್ಕ?"

ದೇವಕಿ ಎಣ್ಣೆಯ ವಿಷಯ ಹೇಳದೆಯೇ ಎದ್ದು ಬಂದಳು. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಮಾತು. ನಾಲ್ಕು ಗೋಣಿ. ಮನೆಯಲ್ಲಿ ಐದು ಜನ. ಅದು ಮುಗಿಯುವಾಗ ಜಡಿಮಳೆಯ ಆಟಿ ತಿಂಗಳು ಬರುತ್ತದೆ. ರಾಜೀವಿ ಹೆತ್ತು, ಬಾಣಂತಿಯಾಗಿ, ಮಗುವಿಗೆ ಹಾಲು ಕೊಡುವುದೂ ಈ ಅಕ್ಕಿಯ ಮೇಲೆಯೇ.

ಮಧ್ಯಾಹ್ನ ಗಂಡನಿಗೆ ಬಡಿಸಿ ಎದುರಿಗೆ ಕೂತಳು.

"ಊರಿಗೆಲ್ಲ ಇದೇ ಅಕ್ಕಿಯಾ?"

"ಹೌದು."

"ಸಫಿಯಮ್ಮನ ಮನೆಯಲ್ಲೂ?"

ಒಂದು ಕ್ಷಣ ಅವನ ಕೈ ನಿಂತಿತು. "ಹೌದು ಅಂತ ಹೇಳಿದೆನಲ್ಲ. ಎಷ್ಟು ಸಲ ಕೇಳುದು?"

ಅವಳು ಎದ್ದು ಒಳಗೆ ಹೋದಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡಸು ಅವಳ ಹತ್ತಿರ ಸುಳ್ಳು ಹೇಳಿದ್ದು ಅದೇ ಮೊದಲು. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕಿವಿಯೆರಡೂ ಕೆಂಪಾಗಿದ್ದವು.

ಶನಿವಾರ ಬೆಳಿಗ್ಗೆ ದೇವಕಿ ಮಿಂದು, ಒಗೆದ ಸೀರೆ ಉಟ್ಟು, ಪೆಟ್ಟಿಗೆಯಲ್ಲಿದ್ದ ಕಾರ್ಡು ತೆಗೆದುಕೊಂಡು, ಒಂದು ಖಾಲಿ ಚೀಲ ಹಿಡಿದು ಹೊರಟಳು. ಸೊಸೈಟಿಯ ಎದುರು ಇಪ್ಪತ್ತು ಇಪ್ಪತ್ತೈದು ಮಂದಿ ಸಾಲಾಗಿ ನಿಂತಿದ್ದರು. ಸೆಕ್ರೆಟರಿಯ ಹೆಂಡತಿ ಬಂದಳೆಂದು ಕೆಲವರು ಜಾಗ ಬಿಟ್ಟರು. ಅವಳು ಹೋಗಲಿಲ್ಲ, ಸಾಲಿನ ಕೊನೆಯಲ್ಲೇ ನಿಂತಳು. ಒಳಗೆ ಮೇಜಿನ ಹಿಂದೆ ಮಹಾಲಿಂಗ ರಿಜಿಸ್ಟ್ರು ಬರೆಯುತ್ತಿದ್ದ. ಬೆಂಚಿನಲ್ಲಿ ದೇರಣ್ಣ ಗೌಡರು ಪೇಪರು ಓದುತ್ತಿದ್ದರು. ಅವಳ ಸರದಿ ಬಂದಾಗ ಮಹಾಲಿಂಗ ತಲೆ ಎತ್ತಿದ.

"ನೀನಾ? ಎಂತ ಬಂದದ್ದು?"

"ಅಕ್ಕಿಗೆ."

"ಮನೆಯಲ್ಲಿ ಅಕ್ಕಿ ಉಂಟಲ್ಲ."

"ಅದು ಬೇಡ" ಎಂದಳು ದೇವಕಿ. ಕಾರ್ಡನ್ನು ತ್ಯಾಂಪಣ್ಣನ ಕೈಗೆ ಕೊಟ್ಟಳು. "ತ್ಯಾಂಪಣ್ಣ, ಮಗಳದ್ದೂ ಸೇರಿ ಐದು ಜನರದ್ದು ಕಾರ್ಡು. ಊರಿಗೆಲ್ಲ ಕೊಡುವ ಅಕ್ಕಿಯೇ ಕೊಡು."

ತ್ಯಾಂಪಣ್ಣ ಕಾರ್ಡನ್ನು ತಿರುಗಿಸಿ ನೋಡಿದ. ಆರು ವಾರದಿಂದ ಅದರಲ್ಲಿ ಗುರುತೇ ಬಿದ್ದಿರಲಿಲ್ಲ. ಅವನು ಸೆಕ್ರೆಟರಿಯ ಮುಖ ನೋಡಿದ, ಆಮೇಲೆ ನೆಲ ನೋಡಿದ.

"ಎಂತ ಸಂಗತಿ ಮಾಲಿಂಗ?" ದೇರಣ್ಣ ಗೌಡರು ಪೇಪರು ಮಡಚಿದರು. "ನಿನ್ನ ಮನೆಗೆ ಇಷ್ಟು ದಿನ ಅಕ್ಕಿ ಎಲ್ಲಿಂದ?"

ಸಫಿಯಮ್ಮ ತನ್ನ ಮನೆಯ ಬಾಗಿಲಲ್ಲಿ ತಲೆಯ ಬಟ್ಟೆ ಸರಿಮಾಡಿಕೊಂಡು ನಿಂತಿದ್ದವಳು ಅಲ್ಲಿಂದಲೇ ಹೇಳಿದಳು. "ಆ ನಾಲ್ಕು ಗೋಣಿ ಮುಗ್ಗಲು ಅಕ್ಕಿ ಅವರ ಮನೆಯಲ್ಲಿ ಬೇಯ್ತಾ ಉಂಟು ಗೌಡ್ರೇ. ಬಸುರಿ ಮಗಳಿಗೂ ಅದೇ."

ಸಾಲಿನಲ್ಲಿದ್ದವರು ಗುಜುಗುಜು ಮಾತಾಡಿಕೊಂಡರು. ಮಹಾಲಿಂಗ ಪೆನ್ನು ಕೆಳಗಿಟ್ಟ. "ಮಿಲ್ಲಿನವರು ವಾಪಸ್ ತಕೊಳ್ಳಲಿಲ್ಲ. ನೋಡಿ ಸಹಿ ಹಾಕಿದ್ದೀರಲ್ಲ ಅಂತ ಹೇಳಿದರು. ನೋಡದೆ ಸಹಿ ಹಾಕಿದ್ದು ನಾನು. ನೀವೆಲ್ಲ ಬೇಡ ಅಂದಿರಿ. ಎಸೆದ್ರೆ ಸೊಸೈಟಿಗೆ ನಷ್ಟ. ಇಲ್ಲೇ ಖಾಲಿ ಗೋಣಿಯಡಿ ಮುಚ್ಚಿಟ್ಟು ಸ್ವಲ್ಪ ಸ್ವಲ್ಪ ಮನೆಗೆ ಹೊತ್ತೆ. ನನ್ನ ತಪ್ಪು, ನಾನು ತಿನ್ತೇನೆ. ಅದರಲ್ಲಿ ಬೇರೆಯವರಿಗೆ ಎಂತ ಉಂಟು?"

ದೇರಣ್ಣ ಗೌಡರು ಸ್ವಲ್ಪ ಯೋಚಿಸಿ ತಲೆಯಾಡಿಸಿದರು. "ಅದೂ ಸರಿಯೇ. ತಪ್ಪು ಅಂತ ಅವನೇ ಒಪ್ಪಿದ ಮೇಲೆ..."

"ಸರಿ ಎಂತದು?" ಸಫಿಯಮ್ಮನ ದನಿ ಏರಿತು. "ನಿಮ್ಮೆಲ್ಲರ ಅಕ್ಕಿಯ ಪರ್ಮಿಟ್ಟಿಗೆ ಇವರು ಪುತ್ತೂರಿಗೆ ಎಷ್ಟು ಸಲ ನಡೆದಿದ್ದಾರೆ? ಆ ಲಾಭ ಇವರ ಮನೆಗೆ ಮಾತ್ರ ಬಂತಾ? ಲಾಭ ಎಲ್ಲರಿಗೆ, ಹುಳ ಮಾತ್ರ ಇವರಿಗಾ?"

"ಹಾಗಂತ ನಾವು ಮುಗ್ಗಲು ತಿನ್ನಬೇಕಾ?" ಹಿಂದಿನಿಂದ ಒಬ್ಬ ಕೂಗಿದ.

"ನಿಮಗೆ ತಿನ್ನಿ ಅಂತ ಹೇಳ್ಲಿಕ್ಕೆ ನಾನು ಬಂದದ್ದಲ್ಲ" ಎಂದಳು ದೇವಕಿ. "ನನ್ನ ಮಗಳಿಗೆ ಎಲ್ಲರ ಹಾಗೆ ಒಂದು ಪಾಲು. ಅಷ್ಟೇ ನಾನು ಕೇಳುದು."

ಆಗ ಸಾಲಿನ ನಡುವಿನಿಂದ ಜೈನಬಮ್ಮ ಮುಂದೆ ಬಂದಳು. ಸೊಂಟ ಬಗ್ಗಿದ ಒಂಟಿ ಜೀವ. ಇಡೀ ಊರಿನಲ್ಲಿ ಅವಳದ್ದೇ ಅತಿ ಸಣ್ಣ ಕಾರ್ಡು. "ನನಗೆ ಅದರಲ್ಲಿ ಎರಡು ಸೇರು ಹಾಕು ತ್ಯಾಂಪಣ್ಣ" ಎಂದಳು. ಕಿಲೋ ಬಂದು ವರ್ಷಗಳಾಗಿದ್ದರೂ ಊರಿನ ಬಾಯಲ್ಲಿ ಇನ್ನೂ ಸೇರೇ. "ಹೋದ ಮಳೆಗಾಲ ಹೊಳೆ ದಾಟುವ ಸಂಕ ಮುರಿದಾಗ ಈ ಮನುಷ್ಯ ಎದೆಮಟ್ಟ ನೀರಿನಲ್ಲಿ ನನಗೆ ಅಕ್ಕಿ ತಂದು ಕೊಟ್ಟದ್ದು. ನನಗೆ ಹೇಗೂ ಮೂಗು ಕಟ್ಟಿದೆ, ವಾಸನೆ ಗೊತ್ತಾಗುದಿಲ್ಲ."

ಯಾರೋ ನಕ್ಕರು. ಸಫಿಯಮ್ಮ, "ನಮಗೆ ಆರು ಸೇರು" ಎಂದಳು. ಅವಳ ಹಿಂದೆ ಮತ್ತೊಬ್ಬಳು, ಮತ್ತೊಬ್ಬ. ಒಳ್ಳೆಯದರ ಜೊತೆ ತಲೆಗೊಂದು ಸೇರು ಹಾಳಾದದ್ದೂ ಎಂದು ಅಲ್ಲೇ ಮಾತಾಯಿತು. ಮೂರು ಮನೆಯವರು ಒಪ್ಪದೆ ಚೀಲ ಮಡಚಿಕೊಂಡು ಹೋದರು. ದೇರಣ್ಣ ಗೌಡರು ಎಲ್ಲರ ಕಣ್ಣೂ ತಮ್ಮ ಮೇಲಿರುವುದನ್ನು ನೋಡಿ ಕೆಮ್ಮಿದರು. "ನನಗೆ ಹತ್ತು ಹಾಕು. ದನಕ್ಕಾದರೂ ಆಗ್ತದೆ."

ದೇವಕಿ ಅಕ್ಕಿ ಹೊತ್ತು ಮನೆಗೆ ಬಂದಳು. ಗಂಜಿ ಇಟ್ಟಳು. ರಾಜೀವಿ ಎರಡು ಬಟ್ಟಲು ಉಂಡು, ಮೂರನೆಯದಕ್ಕೆ ಕೈಯೊಡ್ಡಿ, ನಾಚಿಕೊಂಡಳು.

ಮಹಾಲಿಂಗ ಬಂದದ್ದು ಮೂರು ಗಂಟೆಗೆ.

"ನನ್ನ ಮಾನವನ್ನು ತಕ್ಕಡಿಗೆ ಹಾಕಿದಿ ನೀನು."

"ಮಾನ ಅಲ್ಲ. ಅಕ್ಕಿ."

"ಮನೆಯಲ್ಲಿ ಕೇಳಬಹುದಿತ್ತಲ್ಲ?"

"ಕೇಳಿದೆ. ಎದುರಿಗೆ ಕೂತು ಕೇಳಿದೆ. ನೀವು ಎಂತ ಹೇಳಿದಿರಿ?"

ತಾನು ಹೇಳಿದ ಸುಳ್ಳು ನೆನಪಾಗಿ ಅವನ ಸಿಟ್ಟು ಇನ್ನೂ ಏರಿತು. ಆ ದಿನದಿಂದ ಅವನು ಹೆಂಡತಿಯ ಹತ್ತಿರ ಮಾತು ಬಿಟ್ಟ. ಊಟ ಜಗಲಿಯಲ್ಲಿ. ಬೇಕಾದ್ದನ್ನು ತಾಯಿಯ ಮೂಲಕ ಹೇಳಿಸುವನು.

"ಅಮ್ಮಾ, ಉಪ್ಪು ಬೇಕಂತ ಹೇಳು."

"ದೇವಕೀ, ಉಪ್ಪು ಬೇಕಂತೆ."

"ಎದುರಿಗೇ ಇಟ್ಟಿದ್ದೇನೆ ಅಂತ ಹೇಳಿ ಅತ್ತೆ."

ಮೂರನೇ ದಿನ ಮುದುಕಿ ಬಟ್ಟಲು ಕುಕ್ಕಿದರು. "ನಾನೆಂತ ಟಪಾಲಿನವಳಾ? ಗಂಡ ಹೆಂಡತಿ ನೀವೇ ಕಾಗದ ಬರ್ಕೊಳ್ಳಿ."

ರಾಜೀವಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅವಳ ಮುಖಕ್ಕೆ ಬಣ್ಣ ಬರತೊಡಗಿತ್ತು. ಕಡಬದ ಮಾತು ಮತ್ತೆ ಬರಲಿಲ್ಲ. ಸುದ್ದಿ ಹೇಗೋ ದರ್ಬೆಗೆ ಮುಟ್ಟಿ, ತಿರುಮಲೇಶ್ವರ ಒಂದು ಸಂಜೆ ಬಂದು, ಏನೂ ಆಗದವನ ಹಾಗೆ ಸೈಕಲ್ ಒರಗಿಸಿ, "ಅಮ್ಮಾ, ಹಸಿವಾಗ್ತದೆ" ಎಂದ. ಅಪ್ಪನಿಗೂ ಮಗನಿಗೂ ಮಾತಿಲ್ಲ. ಅಪ್ಪ ಜಗಲಿಯ ಆ ತುದಿ, ಮಗ ಈ ತುದಿ.

ಊರಿನ ಹೆಂಗಸರು ಕಲಂದರ್ ಬ್ಯಾರಿಯ ಅಂಗಳದಲ್ಲಿ ಚಾಪೆ ಹಾಸಿ ಆ ಅಕ್ಕಿಯನ್ನು ಎರಡು ದಿನ ಬಿಸಿಲಿಗೆ ಹಾಕಿದರು. ಎಂಟು ಹತ್ತು ಗೆರಸೆಗಳು ಒಟ್ಟಿಗೆ ಏಳುತ್ತ ಬೀಳುತ್ತ ಇದ್ದವು. ಸಫಿಯಮ್ಮ ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಅರೆದು, ರೊಟ್ಟಿ ತಟ್ಟಿ ತೋರಿಸಿದಳು. ಹಾಗೆ ಮಾಡಿದರೆ ವಾಸನೆ ಮುಕ್ಕಾಲು ಹೋಗುತ್ತಿತ್ತು. ಕೇರುತ್ತಾ ಕೂತಿದ್ದಾಗ ಅವಳೇ ಒಂದು ಮಾತು ತೆಗೆದಳು.

"ನೋಡಿ, ಬೇಯಿಸುದು ನಾವು. ತರುದು ಗಂಡಸರು. ಅವರಿಗೆ ಚೀಲದ ಬಾಯಿ ಮಾತ್ರ ಕಾಣುದು. ಅಕ್ಕಿ ನೋಡ್ಲಿಕ್ಕೆ ನಮ್ಮಲ್ಲಿ ಒಬ್ಬರು ಹೋಗ್ಬೇಕು."

"ಯಾರು ಹೋಗುದು?"

"ದೇವಕಿಯಕ್ಕ ಹೋಗ್ಲಿ. ಆರು ವಾರ ಹಾಳು ಅಕ್ಕಿ ತೊಳೆದವರು. ಅವರಿಗಿಂತ ಹೆಚ್ಚು ಯಾರಿಗೆ ಗೊತ್ತು?"

ಈ ಮಾತು ಕಮಿಟಿಗೆ ಹೋಯಿತು. ದೇರಣ್ಣ ಗೌಡರು, "ಮಿಲ್ಲಿಗೆ ಹೆಂಗಸರಾ?" ಎಂದು ಒಂದು ಗಂಟೆ ಎಳೆದಾಡಿ ಕೊನೆಗೆ ಒಪ್ಪಿದರು. ಗುರುವಾರ ಸಂಜೆ ಮಹಾಲಿಂಗ ಅಡಿಗೆಮನೆಯ ಹೊಸ್ತಿಲಲ್ಲಿ ಬಂದು ನಿಂತ. ಹನ್ನೆರಡು ದಿನವಾಗಿತ್ತು ಅ‍ವಳಿಗೆ ಎದುರಾಗಿ ನಿಂತು.

"ನಾಳೆ ಬೆಳಿಗ್ಗೆ ಗಾಡಿ ಹೊರಡ್ತದೆ. ನೀನೂ ಹೊರಡಬೇಕಂತೆ."

"ಅಂತೆಯಾ? ಯಾರು ಹೇಳಿದ್ದು?"

ಅವನು ಒಲೆಯ ಕಡೆ ತಿರುಗಿದ. "ನಾನೇ ಹೇಳುದು."

ಮಿಲ್ಲು ಪುತ್ತೂರು ಪೇಟೆಯಿಂದ ಸ್ವಲ್ಪ ಆಚೆ ಇತ್ತು. ಅಲ್ಲಿ ಲೆಕ್ಕ ಬರೆಯುವ ರೈಟರು ನಗುಮುಖದ ಮನುಷ್ಯ. ಸೋಡಾ ತರಿಸಿದ, ಬೆಂಚು ಒರೆಸಿ ಕೊಟ್ಟ. ಮೇಲಿನ ಗೋಣಿ ಬಿಚ್ಚಿ ತೋರಿಸಿದ. ಒಳ್ಳೆಯ ಅಕ್ಕಿ. ಎರಡನೆಯದೂ ಒಳ್ಳೆಯದೇ. ಮಹಾಲಿಂಗ ಪೆನ್ನು ತೆಗೆದ.

"ಆ ಅಡಿಯದ್ದು ತೆಗೀರಿ" ಎಂದಳು ದೇವಕಿ.

"ಎಲ್ಲ ಒಂದೇ ಅಮ್ಮ."

"ಒಂದೇ ಆದ್ರೆ ತೆಗೀರಿ."

"ಅದಕ್ಕೆ ಆಳು ಬೇಕಾಗ್ತದೆ. ಇದು ನಿಮ್ಮ ಅಡಿಗೆಮನೆ ಅಲ್ಲವಲ್ಲ."

"ಅಡಿಗೆಮನೆಗೇ ಬರುವ ಅಕ್ಕಿ ಇದು."

ಕಲಂದರ್ ಬ್ಯಾರಿ ಮುಂಡು ಎತ್ತಿ ಕಟ್ಟಿ, ಮೇಲಿನ ಗೋಣಿಗಳನ್ನು ಎತ್ತಿ ಪಕ್ಕಕ್ಕಿಟ್ಟ. ದೇವಕಿ ಅಡಿಯ ಗೋಣಿಯ ಹೊಲಿಗೆ ಬಿಚ್ಚಿಸಿ ಮೊಣಕೈವರೆಗೆ ಕೈ ತೂರಿಸಿದಳು. ಒಳಗೆ ಬೆಚ್ಚಗಿತ್ತು. ಅಕ್ಕಿ ಬೆಚ್ಚಗಿರಬಾರದು. ಹಿಡಿ ತೆಗೆದು ಮೂಸಿದಳು, ಎರಡು ಕಾಳು ಕಚ್ಚಿದಳು. ಕಟ್ಟೆನ್ನದೆ ಮೆತ್ತಗೆ ಮುರಿಯಿತು. ವಾಸನೆ ಇನ್ನೂ ಎದ್ದಿರಲಿಲ್ಲ, ಆದರೆ ಹೆಚ್ಚು ದಿನ ಬೇಕಿರಲಿಲ್ಲ. ಅಥವಾ ಅದು ತನ್ನ ಭ್ರಮೆಯೇ? ಇದನ್ನು ಬೇಡವೆಂದರೆ ನಾಳೆ ಶನಿವಾರ ನಲವತ್ತು ಮನೆಗೆ ಅಕ್ಕಿಯಿಲ್ಲ. ಸೊಸೈಟಿ ಶುರುವಾದಂದಿನಿಂದ ಹಾಗೆ ಆದದ್ದೇ ಇಲ್ಲ.

"ಇದು ಬೇಡ" ಎಂದಳು.

"ಬೇರೆ ಅಕ್ಕಿ ಸೋಮವಾರವೇ" ಎಂದ ರೈಟರು. ಅವನ ಮುಖದಲ್ಲಿ ಈಗ ನಗು ಇರಲಿಲ್ಲ. "ಬೇಕಾದ್ರೆ ತಕೊಳ್ಳಿ, ಬೇಡದಿದ್ರೆ ಬಿಡಿ."

ಮಹಾಲಿಂಗ ಅವಳ ಕೈಯಿಂದ ಅಕ್ಕಿ ತೆಗೆದುಕೊಂಡು ಮೂಸಿದ. ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಜಗಿದ. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟ.

ಖಾಲಿ ಗಾಡಿ ಕುಂಬ್ರದ ದಾರಿಯಲ್ಲಿ ಗಡಗಡ ಸದ್ದು ಮಾಡಿಕೊಂಡು ಬಂತು.

ಮರುದಿನ ಬೆಳಿಗ್ಗೆ ಚೀಲ ಹಿಡಿದು ಬಂದವರಿಗೆ ಮಹಾಲಿಂಗ ಬಾಗಿಲಲ್ಲೇ ನಿಂತು ಹೇಳಿದ. ಅಕ್ಕಿ ಇಲ್ಲ, ಸೋಮವಾರ ಬರುತ್ತದೆ. ಒಬ್ಬಳು ತಲೆಯ ಮೇಲೆ ಕೈಯಿಟ್ಟುಕೊಂಡಳು. ಎರಡು ವಾರದ ಹಿಂದೆ ಮುಗ್ಗಲು ತೆಗೆದುಕೊಳ್ಳದೆ ಹೋದ ಮೂವರಲ್ಲಿ ಒಬ್ಬ ಜೋರಾಗಿ ಹೇಳಿದ. "ಹೆಂಗಸರ ಮಾತು ಕೇಳಿದ್ರೆ ಹೀಗೇ ಆಗುದು."

ಅಕ್ಕಿಯಿಲ್ಲವೆಂದು ಗೊತ್ತಿದ್ದೂ, ಊರಿಗೆ ಮುಖ ಕೊಡಬೇಕೆಂದು ದೇವಕಿ ಸಾಲಿನಲ್ಲಿದ್ದಳು. ಎಲ್ಲರೂ ಅವಳ ಕಡೆ ತಿರುಗಿದರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ.

"ಅವಳು ಬೇಡ ಅಂದಳು, ಹೌದು" ಎಂದ ಮಹಾಲಿಂಗ. "ನಾನೂ ಮೂಸಿದೆ, ಜಗಿದು ನೋಡಿದೆ. ಬೇಡ ಅಂತ ತೀರ್ಮಾನ ಮಾಡಿದ್ದು ನಾನೇ. ಹಸಿದವರು ನನಗೆ ಬೈಯಿರಿ, ಅವಳಿಗಲ್ಲ. ಹಾಳು ಅಕ್ಕಿ ಇನ್ನು ಈ ಬಾಗಿಲೊಳಗೆ ಬರುದಿಲ್ಲ."

ಯಾರೂ ಬೈಯಲಿಲ್ಲ. ಯಾರಿಗೂ ಸಮಾಧಾನವೂ ಆಗಲಿಲ್ಲ. ಎರಡು ದಿನ ಮಕ್ಕಳಿಗೆ ಏನು ಬೇಯಿಸುವುದೆಂದು ಹೆಂಗಸರು ಅಲ್ಲಲ್ಲೇ ಗುಂಪಾದರು. "ನಮ್ಮಲ್ಲಿ ಮೂರು ಸೇರು ಉಂಟು, ನೀನು ಒಂದು ತಕೊಂಡು ಹೋಗು" ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಸಫಿಯಮ್ಮ ಜೈನಬಮ್ಮನ ಕೈಹಿಡಿದು, "ಸೋಮವಾರದವರೆಗೆ ನಮ್ಮಲ್ಲೇ ಇರಿ" ಎಂದು ಒಳಗೆ ಕರೆದುಕೊಂಡು ಹೋದಳು. ಇಷ್ಟನ್ನೆಲ್ಲ ಬೆಂಚಿನಿಂದ ನೋಡುತ್ತಿದ್ದ ದೇರಣ್ಣ ಗೌಡರು ಎದ್ದು ಹೋದರು. ಅರ್ಧ ಗಂಟೆಯಲ್ಲಿ ಅವರ ಆಳು ಬೈಹುಲ್ಲಿನಲ್ಲಿ ಕಟ್ಟಿದ ಒಂದು ಅಕ್ಕಿ ಮುಡಿಯನ್ನು ತಲೆಯ ಮೇಲೆ ಹೊತ್ತು ತಂದು ಸೊಸೈಟಿಯ ಜಗಲಿಯಲ್ಲಿ ಇಳಿಸಿದ. ಹಿಂದೆಯೇ ಗೌಡರು ಬಂದರು.

"ದಾನ ಅಲ್ಲ" ಎಂದರು, ಎಲ್ಲರಿಗೂ ಕೇಳುವಂತೆ. "ಸಾಲ. ಬುಧವಾರ ವಾಪಸ್ ಅಳೆದು ಕೊಡ್ಬೇಕು."

ಮನೆಯಲ್ಲಿ ಒಂದು ಕಾಳೂ ಇಲ್ಲದವರು ಮಾತ್ರ ನಿಲ್ಲಬೇಕೆಂದಾಯಿತು. ಸಾಲು ಮತ್ತೆ ಕಟ್ಟಿತು. ಮನೆಗೆ ಒಂದೂವರೆ ಸೇರು. ತ್ಯಾಂಪಣ್ಣ ತಕ್ಕಡಿ ಹಿಡಿದ. ಮಹಾಲಿಂಗ ಮೇಜಿನ ಹಿಂದೆ ಕೂರಲಿಲ್ಲ. ರಿಜಿಸ್ಟ್ರನ್ನು ಗೌಡರ ಮುಂದೆ ಸರಿಸಿ, "ನೀವು ಬರೀರಿ" ಎಂದು ಹೇಳಿ ಹೊರಗೆ ಬಂದು, ಸಾಲಿನ ಕೊನೆಯಲ್ಲಿದ್ದ ದೇವಕಿಯ ಕೈಯಿಂದ ಕಾರ್ಡು, ಚೀಲ ಎರಡನ್ನೂ ತೆಗೆದುಕೊಂಡ.

"ನೀನು ನೆರಳಿಗೆ ಹೋಗು. ನಾನು ನಿಲ್ತೇನೆ."

ಬಿಸಿಲು ಏರಿತ್ತು. ಅವನು ಬೆವರು ಒರೆಸಿಕೊಳ್ಳುತ್ತಾ, ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತಾ ಮುಕ್ಕಾಲು ಗಂಟೆ ನಿಂತ. ಅವನ ಸರದಿ ಬರುವಾಗ ಮುಡಿಯಲ್ಲಿ ಉಳಿದದ್ದು ಒಂದು ಸೇರಿಗೂ ಕಡಿಮೆ. ತ್ಯಾಂಪಣ್ಣ ಹುಲ್ಲನ್ನು ಕೊಡವಿ, ಉದುರಿದ ಕಾಳನ್ನೂ ಸೇರಿಸಿ ತೂಗಿದ. "ಇಷ್ಟೇ ಸೆಕ್ರೆಟ್ರಿಗಳೇ" ಎಂದ.

"ಸಾಕು. ಕಾರ್ಡಿಗೆ ಗುರುತು ಹಾಕು" ಎಂದ ಮಹಾಲಿಂಗ.

ಗಂಡ ಹೆಂಡತಿ ಕಾಲುದಾರಿ ಹಿಡಿದು ಮನೆ ಕಡೆ ಹೊರಟರು. ಅವನು ಮುಂದೆ, ಅವಳು ಹಿಂದೆ. ಅರ್ಧ ದಾರಿಯಲ್ಲಿ ಅವನು ನಿಂತ.

"ಸೋಮವಾರವೂ ಅವನು ಅದನ್ನೇ ಕೊಟ್ರೆ?"

"ಸೋಮವಾರ ನೋಡುವ."

"ಮಂಗಳವಾರ ಮಳೆಯ ಮೋಡ ಕಟ್ಟಿದ್ರೆ, ಗಾಡಿ ಹೋಗದಿದ್ರೆ..."

"ಅಯ್ಯೋ, ನಡೀರಿ ನೀವು" ಎಂದಳು ದೇವಕಿ. "ರಾಜೀವಿ ಹಸಿದಿರ್ತಾಳೆ."